ಹನ್ನೆರಡು ವೋಲ್ಟ್

ಯೋಗೇಂದ್ರ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಧನುಶ್ರೀ ತಲೆ ಎತ್ತಲಿಲ್ಲ. ಎತ್ತಬಾರದು ಅಂತ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗಲೇ ತೀರ್ಮಾನಿಸಿದ್ದಳು. ಎದುರಿನ ಕುರ್ಚಿಯತ್ತ ಪೆನ್ನಿನ ತುದಿ ತೋರಿಸಿ, ಫೈಲಿನ ಹಾಳೆಗಳನ್ನು ಸುಮ್ಮನೆ ತಿರುವಿದಳು. ಆಮೇಲೆ ನಿಧಾನವಾಗಿ ಕಣ್ಣೆತ್ತಿದಳು.

ತನ್ನನ್ನು ಮತ್ತೆ ಕಂಡಾಗ ಅವನ ಮುಖ ಏನಾಗುತ್ತದೆ ಎಂದು ನೋಡಲು ಎರಡು ವರ್ಷ ಕಾದಿದ್ದಳು. ಆಗಿದ್ದು ಇಷ್ಟೇ. ಹೆಗಲ ಮೇಲಿನ ಬ್ಯಾಗಿನ ಪಟ್ಟಿ ಮೊಣಕೈಗೆ ಜಾರಿತು, ಅವನು ಅದನ್ನು ಮೇಲಕ್ಕೆಳೆದುಕೊಳ್ಳಲು ಮರೆತ.

"ಕೂತ್ಕೊಳ್ಳಿ," ಅಂದಳು. "ನಮ್ಮ ಡಿಸೈನ್ ವಿಭಾಗಕ್ಕೆ ಹದಿನಾಲ್ಕು ಕಂಪ್ಯೂಟರ್ ಬೇಕು. ನಿಮ್ಮ ಕೊಟೇಶನ್ ನೋಡಿದೆ. ಪವರ್ ಸಪ್ಲೈ ಬಗ್ಗೆ ಕೆಲವು ಪ್ರಶ್ನೆ ಇದೆ."

"ಕೇಳಿ, ಮೇಡಂ."

ಮೇಡಂ. ಹಿಂದೆ ಅವನು ಅವಳನ್ನು ಧನು ಅನ್ನುತ್ತಿದ್ದ. ಆ ಎರಡಕ್ಷರ ಅವನ ಬಾಯಲ್ಲಿ ಎಷ್ಟು ಮೆತ್ತಗಿರುತ್ತಿತ್ತು ಅನ್ನುವುದು ಈಗ ನೆನಪಾಗಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆಗ ಧನುಶ್ರೀಗೆ ಸ್ವಂತ ಕೆಲಸವಿತ್ತು. ಕುಂಬಾರಕೊಪ್ಪಲಿನ ಮನೆಯ ಮಹಡಿ ಕೋಣೆಯಲ್ಲಿ ಕೂತು ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿಕೊಡುತ್ತಿದ್ದಳು. ಹಳೆಯ ಲ್ಯಾಪ್‌ಟಾಪ್ ಆ ಭಾರ ತಾಳದೆ ಹೋದಾಗ ಪೇಟೆಯ ಒಂದು ಅಂಗಡಿಯಲ್ಲಿ ಡೆಸ್ಕ್‌ಟಾಪ್ ಹೇಳಿ ಮಾಡಿಸಿದಳು. ಅದನ್ನು ಮನೆಗೆ ತಂದು ಜೋಡಿಸಿಕೊಡಲು ಅಂಗಡಿಯವರು ಕಳಿಸಿದ್ದು ಯೋಗೇಂದ್ರನನ್ನು. ಒಂದೊಂದು ಸ್ಕ್ರೂ ಹಾಕುವಾಗಲೂ ಇದು ಯಾಕೆ, ಅದು ಯಾಕೆ ಎಂದು ಅವಳು ಕೇಳಿದಳು. ಬೇಸರವಿಲ್ಲದೆ ಅವನು ಹೇಳಿದ. ಇಬ್ಬರೂ ಕ್ಯಾಬಿನೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದಾಗ ಅವಳ ಜಡೆ ಜಾರಿ ಒಳಗಿನ ಫ್ಯಾನಿನ ಮೇಲೆ ಬಿತ್ತು. ಅವನು ಬೆರಳು ತಾಗಿಸದೆ, ಸ್ಕ್ರೂಡ್ರೈವರಿನ ಹಿಡಿಯಿಂದ ಅದನ್ನು ಮೆಲ್ಲನೆ ಎತ್ತಿ ಅವಳ ಬೆನ್ನಿಗೆ ಹಾಕಿದ.

"ಇದು ವಾರಂಟಿಯಲ್ಲಿ ಬರಲ್ಲ," ಅಂದ.

ಅವಳು ನಕ್ಕಿದ್ದು ಕೆಳಗೆ ಅಡುಗೆಮನೆಯಲ್ಲಿದ್ದ ಅಮ್ಮ ಗಿರಿಜಾಂಬಾಗೂ ಕೇಳಿಸಿತ್ತು.

ಆಮೇಲೆ ಅವನು ಭಾನುವಾರಗಳಂದು ಬರತೊಡಗಿದ. ಫ್ಯಾನ್ ಸದ್ದು ಮಾಡುತ್ತಿದೆಯಾ, ಬಿಸಿ ಎಷ್ಟಾಗುತ್ತಿದೆ, ಧೂಳು ಕೂತಿದೆಯಾ ಎಂದು ವಾರಕ್ಕೊಂದು ನೆಪ. ನಿನ್ನ ಕಂಪ್ಯೂಟರ್ ಡಾಕ್ಟ್ರು ಬಂದ್ರು ಕಣಮ್ಮ ಎಂದು ಗಿರಿಜಾಂಬಾ ಕೆಳಗಿನಿಂದ ಕೂಗಿ ಹೇಳುತ್ತಿದ್ದರು. ಅವನು ಅವಳು ಎಡಿಟ್ ಮಾಡಿದ ಯಾರ್‍ಯಾರದೋ ಮದುವೆಗಳನ್ನು ಕೂತು ನೋಡುತ್ತಿದ್ದ. ತಾಳಿ ಕಟ್ಟುವ ದೃಶ್ಯ ಬಂದಾಗ ಪರದೆ ಬಿಟ್ಟು ಅವಳತ್ತ ನೋಡುತ್ತಿದ್ದ. ಅವಳಿಗೆ ಅದು ತಿಳಿಯುತ್ತಿತ್ತು. ತಿಳಿದೂ ಆ ದೃಶ್ಯವನ್ನು ಇನ್ನೊಮ್ಮೆ ಹಿಂದಕ್ಕೆ ತಿರುಗಿಸುತ್ತಿದ್ದಳು.

ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅವಳು ಊಟಕ್ಕೆಂದು ಎದ್ದಿದ್ದಾಗ ಮಹಡಿಯಲ್ಲಿ ಪಟಾಕಿ ಸಿಡಿದಂಥ ಸದ್ದಾಯಿತು. ಓಡಿ ಹೋಗಿ ನೋಡಿದರೆ ಕ್ಯಾಬಿನೆಟ್ಟಿನ ಹಿಂದಿನಿಂದ ಹೊಗೆ, ಕೋಣೆಯ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ. ಯಂತ್ರಕ್ಕೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬ ಹೋಗುವಾಗ ಒಂಟಿಯಾಗಿ ಹೋಗಿರಲಿಲ್ಲ. ಮದರ್‌ಬೋರ್ಡನ್ನೂ ಎರಡು ಹಾರ್ಡ್ ಡಿಸ್ಕುಗಳನ್ನೂ ಸುಟ್ಟುಕೊಂಡು ಹೋಗಿತ್ತು. ಇರಲಿ ಎಂದು ಪ್ರತಿ ತೆಗೆದು ಇಟ್ಟಿದ್ದ ಎರಡನೇ ಡಿಸ್ಕೂ ಅದೇ ಪೆಟ್ಟಿಗೆಯಲ್ಲಿತ್ತು.

ಅದರಲ್ಲಿ ಸುಷ್ಮಿತಾ ಎಂಬವಳ ಮದುವೆ ಇತ್ತು. ಮದುವೆಯಾದ ಹನ್ನೊಂದನೇ ದಿನ ಸುಷ್ಮಿತಾಳ ತಂದೆ ತೀರಿಕೊಂಡಿದ್ದರು. ಸುದ್ದಿ ಕೇಳಿ ಮನೆಗೆ ಬಂದ ಆ ಹೆಣ್ಣುಮಗಳು ಜಗಳ ಆಡಲಿಲ್ಲ. ಮಹಡಿ ಮೆಟ್ಟಿಲ ಮೇಲೆ ಕೂತು, ನಮ್ಮಪ್ಪ ನಗೋದು ಅದರಲ್ಲಿ ಮಾತ್ರ ಇತ್ತು ಅಂದಳು, ಅಷ್ಟೇ. ಆಮೇಲೆ ಊರೆಲ್ಲ ಗೊತ್ತಾಯಿತು. ಧನುಶ್ರೀ ಹತ್ತಿರ ಕೊಟ್ಟರೆ ಕಳೆದುಹೋಗುತ್ತೆ ಅನ್ನುವ ಮಾತಾಯಿತು. ಮದುವೆಯವರು ಬರುವುದು ನಿಂತಿತು.

ಬೇರೊಬ್ಬ ರಿಪೇರಿಯವನು ಸುಟ್ಟ ಡಬ್ಬ ಬಿಚ್ಚಿ ತೋರಿಸಿದ. ಮೇಲೆ ಅಂಟಿಸಿದ ಸ್ಟಿಕ್ಕರ್ ಆರುನೂರೈವತ್ತು ವ್ಯಾಟ್ ಅನ್ನುತ್ತಿತ್ತು. ಒಳಗಿನ ಮಾಲು ಅದರ ಅರ್ಧಕ್ಕೂ ತಾಳುವಂಥದಲ್ಲ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತೆ ಕಣ್ರೀ, ಇಷ್ಟು ಹಗುರ ಇರಲ್ಲ ಅಂದ.

ಧನುಶ್ರೀ ಯೋಗೇಂದ್ರನನ್ನು ಕರೆಸಿದಳು. ಗೇಟಿನ ಹತ್ತಿರವೇ ನಿಲ್ಲಿಸಿ, ಆ ಡಬ್ಬವನ್ನು ಅವನ ಕೈಗಿಟ್ಟು, ನಿಮಗೆ ಗೊತ್ತಿತ್ತಾ ಎಂದು ಕೇಳಿದಳು. ಅವನು ಡಬ್ಬ ನೋಡಿದ, ಅವಳನ್ನು ನೋಡಿದ, ಆಮೇಲೆ ನೆಲ ನೋಡಿದ. ಡಬ್ಬವನ್ನು ಗೇಟಿನ ಕಟ್ಟೆಯ ಮೇಲಿಟ್ಟು ಬೈಕ್ ತಿರುಗಿಸಿಕೊಂಡು ಹೋದವನು ಮತ್ತೆ ಬರಲಿಲ್ಲ.

ಇಲ್ಲ ಅಂದಿದ್ದರೆ ನಂಬುತ್ತಿದ್ದಳು. ಹೌದು ಅಂದಿದ್ದರೆ ಕೆನ್ನೆಗೆ ಹೊಡೆದು ಅತ್ತುಬಿಡುತ್ತಿದ್ದಳು. ಅವನು ಎರಡೂ ಅನ್ನಲಿಲ್ಲ.

ಆಮೇಲೆ ಅವಳು ಮೇಟಗಳ್ಳಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಬೇರೆಯವರು ಮರೆಯಲು ಓದುತ್ತಾರೆ, ಅವಳು ಮರೆಯಬಾರದೆಂದು ಓದಿದಳು. ಎಷ್ಟು ವ್ಯಾಟಿನ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ವ್ಯಾಟಿನ ಪವರ್ ಸಪ್ಲೈ ಬೇಕು, ಒಳಗಿನ ಕೆಪಾಸಿಟರ್ ಎಂಥದಿರಬೇಕು, ಯಾವ ಕಂಪನಿಯ ಯಾವ ಮಾಡೆಲ್ಲಿನಲ್ಲಿ ಏನು ದೋಷ, ಎಲ್ಲವೂ ಅವಳಿಗೆ ಬಾಯಿಪಾಠವಾಯಿತು. ಸಿಟ್ಟಿನಿಂದ ಕಲಿತದ್ದು ಚೆನ್ನಾಗಿ ತಲೆಗೆ ಹತ್ತುತ್ತದೆ. ಹೀಗಾಗಿ ಕಂಪ್ಯೂಟರ್ ಕೊಳ್ಳುವ ಮಾತು ಬಂದಾಗ ಮ್ಯಾನೇಜರ್ ಕುಮಾರಸ್ವಾಮಿ ಎಲ್ಲವನ್ನೂ ಅವಳಿಗೇ ಬಿಟ್ಟುಬಿಟ್ಟರು. ಬಂದ ಮೂರು ಕೊಟೇಶನ್ನುಗಳಲ್ಲಿ ಒಂದರ ಕೆಳಗೆ ಯೋಗೇಂದ್ರ, ಮಂಡಕಳ್ಳಿ ಎಂಬ ಸಹಿ ಇತ್ತು. ಅವನು ಈಗ ಸ್ವಂತ ಕೆಲಸ ಶುರುಮಾಡಿದ್ದ.

ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಲೆಕ್ಕ ಹಾಕಿದಳು. ಮೊದಲೇ ತಿರಸ್ಕರಿಸಿದರೆ ಅವನಿಗೆ ಏನೂ ನಷ್ಟವಿಲ್ಲ. ಒಪ್ಪಬೇಕು. ಆರ್ಡರ್ ಕೊಡಬೇಕು. ಅವನು ಹದಿನಾಲ್ಕು ಯಂತ್ರಕ್ಕೆ ಆಗುವಷ್ಟು ಮಾಲು ತರಿಸಿ, ಜೋಡಿಸಿ, ಇಲ್ಲಿಗೆ ತಂದು ಸಾಲಾಗಿ ಇಟ್ಟ ಮೇಲೆ ಬೇಡ ಅನ್ನಬೇಕು. ಬಿಚ್ಚಿದ ಮಾಲನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಷರತ್ತುಗಳ ಪಟ್ಟಿಯಲ್ಲಿ ಅವಳು ಒಂದು ಸಾಲು ಸೇರಿಸಿದಳು. ಪೂರ್ತಿ ಲೋಡಿನಲ್ಲಿ ನಾಲ್ಕು ಗಂಟೆ ಓಡಿಸಿದ ಮೇಲೆ ಯಾವುದೇ ಒಂದು ಪವರ್ ಸಪ್ಲೈ ಹನ್ನೆರಡು ವೋಲ್ಟಿನ ತಂತಿಯಲ್ಲಿ ಹನ್ನೊಂದು ಪಾಯಿಂಟ್ ನಾಲ್ಕಕ್ಕಿಂತ ಕೆಳಗಿಳಿದರೆ ಹದಿನಾಲ್ಕೂ ತಿರಸ್ಕೃತ.

ಈಗ ಅವಳ ಎದುರಿನ ಕುರ್ಚಿಯಲ್ಲಿ ಕೂತು ಯೋಗೇಂದ್ರ ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದ.

ಮುಂದಿನ ಮೂರು ವಾರ ಅವಳು ಅವನನ್ನು ಏಳು ಸಲ ಮೇಟಗಳ್ಳಿಗೆ ಕರೆಸಿದಳು. ಒಂದು ಸಲ ಮಾಡೆಲ್ ಒಪ್ಪಿಗೆಯಿಲ್ಲ ಅಂದಳು, ಮುಂದಿನ ಸಲ ಕೇಬಲ್ಲಿನ ಉದ್ದ ಕೇಳಿದಳು. ಆರುನೂರೈವತ್ತು ಸಾಕು ಎಂದು ಅವನು ಲೆಕ್ಕ ತೋರಿಸಿದರೆ, ಏಳುನೂರೈವತ್ತು ಯಾಕೆ ಬೇಡ ಎಂದು ಅರ್ಧ ಗಂಟೆ ವಾದಿಸಿದಳು. ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಎರಡರಷ್ಟು ಕರೆಂಟ್ ಎಳೆದರೆ ಏನು ಮಾಡ್ತೀರಿ ಅಂದಾಗ ಅವನು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ. ಅವನ ತುಟಿಯ ತುದಿಯಲ್ಲಿ ಒಂದು ನಗು ಬರಲೋ ಬೇಡವೋ ಎಂದು ನಿಂತಿತ್ತು.

"ಇಷ್ಟೆಲ್ಲ ಯಾವಾಗ ಕಲಿತ್ರಿ?"

"ಪೆಟ್ಟು ತಿಂದ ಮೇಲೆ," ಅಂದಳು.

ನಗು ಹಾಗೇ ಆರಿಹೋಯಿತು. ಅವಳಿಗೆ ಖುಷಿಯಾಯಿತು. ಆದರೆ ಅವನು ಹೋದ ಮೇಲೆ, ಅವನು ಲೆಕ್ಕ ಬರೆದಿಟ್ಟ ಚೀಟಿಯನ್ನು ಕಸಕ್ಕೆ ಹಾಕದೆ ಡ್ರಾಯರಿನಲ್ಲಿಟ್ಟಳು. ಸಾಕ್ಷಿಗೆ ಬೇಕಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮಾಲು ಕೊಡುವವರ ಜಾಗ ನೋಡಿ ಬರುವುದು ಅವಳ ಕೆಲಸದ ಭಾಗವೇ ಆಗಿತ್ತು. ಒಂದು ಬುಧವಾರ ಮಂಡಕಳ್ಳಿಗೆ ಹೋದಳು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಗೆ ಆನಿಸಿ ಪವರ್ ಸಪ್ಲೈ ಡಬ್ಬಗಳನ್ನು ಜೋಡಿಸಿದ್ದ, ಒಂದೊಂದರ ಮೇಲೂ ತೂಕ ಬರೆದಿದ್ದ. ಅವಳು ಕೇಳುವ ಮೊದಲೇ ಒಂದನ್ನೆತ್ತಿ ಅವಳ ಕೈಗೆ ಕೊಟ್ಟ. ಭಾರವಾಗಿತ್ತು. ಅದನ್ನು ವಾಪಸ್ ಕೊಡುವಾಗ ಅವರಿಬ್ಬರ ಬೆರಳು ಡಬ್ಬದ ಕೆಳಗೆ ಒಂದಾದವು, ಇಬ್ಬರೂ ತಕ್ಷಣ ಎಳೆದುಕೊಂಡರು, ಡಬ್ಬ ಬೀಳದೇ ಹೋದದ್ದು ಹೇಗೋ.

ಅವನು ಏನೋ ಹೇಳಲು ಬಾಯಿ ತೆರೆದ. ಕೆಲಸದ ವಿಷಯ ಬಿಟ್ಟು ಬೇರೇನೂ ಬೇಡ ಎಂದು ಅವಳು ತಡೆದಳು.

ಅವನ ತಾಯಿ ಮಾದೇವಮ್ಮನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ದೊಡ್ಡ ಕಂಪನಿಯಿಂದ ಬಂದವರು ಎಂದು ಕಾಫಿ ತಂದುಕೊಟ್ಟು, ಬಾಗಿಲಿಗೊರಗಿ ನಿಂತು ಮಾತಾಡಿದರು. ಮೊದಲು ಮಗ ಪೇಟೆಯಲ್ಲಿ ಕೆಲಸಕ್ಕಿದ್ದನಂತೆ. ಒಂದು ದಿನ ಮಾಲೀಕನ ಎದುರಿಗೆ ಕೀಲಿಕೈ ಇಟ್ಟು ಬಂದವನು ಯಾಕೆಂದು ಯಾರಿಗೂ ಹೇಳಲಿಲ್ಲವಂತೆ.

"ಇವನು ಅಂಗೇ ಕಣಮ್ಮ. ನೋವಾದ್ರೂ ಹೇಳಕಿಲ್ಲ, ತಪ್ಪು ಮಾಡಿದ್ರೂ ಹೇಳಕಿಲ್ಲ. ಹೇಳ್ಬುಟ್ರೆ ಮುಗ್ದೋಯ್ತದೆ ಅಂದ್ರೂ ಕೇಳಕಿಲ್ಲ."

ಧನುಶ್ರೀ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಕರಗಬಾರದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಷ್ಮಿತಾಳ ಮುಖವನ್ನೇ ನೆನೆದಳು.

ಪರೀಕ್ಷೆಯ ದಿನ ಬಂತು. ಕಾರ್ಖಾನೆಯ ಮೀಟಿಂಗ್ ಹಾಲಿನಲ್ಲಿ ಹದಿನಾಲ್ಕು ಯಂತ್ರಗಳು ಸಾಲಾಗಿ ಕೂತಿದ್ದವು. ಬೆಳಿಗ್ಗೆ ಹತ್ತಕ್ಕೆ ಪೂರ್ತಿ ಲೋಡ್ ಕೊಟ್ಟು ಓಡಿಸಿದರು. ಫ್ಯಾನುಗಳ ಸದ್ದಿನಲ್ಲಿ ಹಾಲು ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಎರಡು ಗಂಟೆಗೆ ಧನುಶ್ರೀ ಮೀಟರ್ ಹಿಡಿದು ಮೊದಲನೆಯದರಿಂದ ಶುರುಮಾಡಿದಳು. ಯೋಗೇಂದ್ರ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಅಂದು ಇಸ್ತ್ರಿ ಮಾಡಿದ ತಿಳಿನೀಲಿ ಷರ್ಟ್ ಹಾಕಿದ್ದ. ಅದನ್ನು ಗಮನಿಸಿದೆನಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ಹನ್ನೆರಡು ಪಾಯಿಂಟ್ ಸೊನ್ನೆ ಆರು. ಹನ್ನೊಂದು ಪಾಯಿಂಟ್ ಒಂಬತ್ತು ಎಂಟು. ಹನ್ನೆರಡು ಪಾಯಿಂಟ್ ಸೊನ್ನೆ ಎರಡು. ಒಂದಾದರೂ ಸೋಲುತ್ತದೆ ಎಂದು ಅವಳು ಕಾದಳು. ಒಂಬತ್ತು ಮುಗಿಯಿತು, ಹನ್ನೆರಡು ಮುಗಿಯಿತು, ಹದಿಮೂರೂ ಮುಗಿಯಿತು. ಕೊನೆಯದರ ಮುಂದೆ ಮೀಟರು ಹನ್ನೆರಡು ಪಾಯಿಂಟ್ ಸೊನ್ನೆ ನಾಲ್ಕು ತೋರಿಸಿ ನಿಂತಿತು.

ಅವಳ ಕೈ ಹಾಳೆಯ ಮೇಲೆ ನಿಂತಿತು. ಆಮೇಲೆ ಹನ್ನೊಂದು ಪಾಯಿಂಟ್ ಎರಡು ಎಂದು ಬರೆಯಿತು. ಅದರ ಮುಂದೆ, ತಿರಸ್ಕೃತ.

"ಸಹಿ ಮಾಡಿ," ಎಂದು ಹಾಳೆಯನ್ನು ಅವನತ್ತ ಸರಿಸಿದಳು.

ಮೀಟರಿನ ಕಡ್ಡಿಗಳು ಇನ್ನೂ ತಂತಿಯಲ್ಲೇ ಇದ್ದವು. ಅವನು ಮೀಟರ್ ನೋಡಿದ, ಹಾಳೆ ನೋಡಿದ. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದ.

ಇದೇ ಕ್ಷಣಕ್ಕಾಗಿ ಅವಳು ಬದುಕಿದ್ದಳು. ಮನಸ್ಸು ತಣ್ಣಗಾಗಬೇಕಿತ್ತು. ಆಗಲಿಲ್ಲ. ಗೇಟಿನ ಹತ್ತಿರ ನಿಂತು ನೆಲ ನೋಡಿದ್ದ ಅದೇ ತಲೆ ಈಗ ಹಾಳೆಯ ಮೇಲೆ ಬಗ್ಗಿತ್ತು. ಅವಳ ಮೈಯೆಲ್ಲ ಉರಿಯಿತು.

"ಮೀಟರಿನಲ್ಲಿ ಎಷ್ಟಿದೆ?"

ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಎಷ್ಟಿದೆ ಅಂತ ಕೇಳಿದೆ."

"ಹನ್ನೆರಡು ಪಾಯಿಂಟ್ ಸೊನ್ನೆ ನಾಲ್ಕು."

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ನಿಮಗೆ ಇಷ್ಟಾದರೂ ಸಿಗಬೇಕು ಅನ್ನಿಸ್ತು."

"ನಿಮ್ಮ ಅಂಗಡಿ ಮುಳುಗಿಸೋಕೆ ನಾನು ಆರ್ಡರ್ ಕೊಟ್ಟಿದ್ದು ನಿಜ," ಅಂದಳು. "ಆದರೆ ಸುಮ್ಮನಿದ್ದು ದೊಡ್ಡ ಮನುಷ್ಯ ಆಗೋಕೆ ಬಿಡಲ್ಲ. ಅವತ್ತು ಒಂದು ಮಾತು ಕೇಳಿದ್ದೆ. ಇವತ್ತೂ ಅದನ್ನೇ ಕೇಳ್ತೀನಿ. ಗೊತ್ತಿತ್ತಾ?"

ಅವನು ಹಾಳೆಯಿಂದ ತಲೆ ಎತ್ತಿದ.

"ಗೊತ್ತಿತ್ತು," ಅಂದ ಯೋಗೇಂದ್ರ.

ಒಮ್ಮೆ ಬಾಯಿ ಬಿಟ್ಟ ಮೇಲೆ ಅವನು ನಿಲ್ಲಿಸಲಿಲ್ಲ. ಡಬ್ಬ ಕೈಗೆ ಬಂದ ತಕ್ಷಣವೇ ಹಗುರ ಎಂದು ತಿಳಿದಿತ್ತು. ಮಾಲೀಕನಿಗೆ ಹೇಳಿದ್ದ. ಕೊಟ್ಟದ್ದನ್ನು ಹಾಕಿ ಬಾ, ಇಲ್ಲದಿದ್ದರೆ ಬರಬೇಡ ಎಂದು ಅವರು ಗದರಿದ್ದರು. ಕೆಲಸಕ್ಕೆ ಸೇರಿ ಆರೇ ವಾರವಾಗಿತ್ತು. ಕೆಲವು ತಿಂಗಳು ತಾಳುತ್ತದೆ, ಅಷ್ಟರಲ್ಲಿ ತಾನೇ ಒಳ್ಳೆಯದೊಂದು ತಂದು ಬದಲಾಯಿಸಿಬಿಡುತ್ತೇನೆ ಎಂದುಕೊಂಡಿದ್ದ. ಮೊದಲನೇ ಭಾನುವಾರ ಅವಳಿಗೆ ಹೇಳಿಬಿಡಲೆಂದೇ ಹೊರಟು ಬಂದಿದ್ದ.

"ಹಾಗಾದರೆ ನೀವು ಅಷ್ಟು ಭಾನುವಾರ ಬಂದಿದ್ದು ಆ ಡಬ್ಬ ನೋಡೋಕೆ."

"ಮೊದಲನೇ ಸಲ ಅದಕ್ಕೇ. ಎರಡನೇ ಸಲದಿಂದ ಅಲ್ಲ." ಅವನು ಈಗ ನೇರವಾಗಿ ಅವಳನ್ನೇ ನೋಡುತ್ತಿದ್ದ. "ಹೇಳಿದರೆ ಮತ್ತೆ ಆ ಮನೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಭಯ ಆಯ್ತು. ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಪ್ರತಿ ವಾರವೂ ಹಾಗೇ ಅಂದ್ಕೊಂಡೆ."

"ಅಂದರೆ ನನ್ನನ್ನ ನೋಡೋ ಆಸೆಗೆ ನನ್ನ ಕೆಲಸ ಸುಟ್ಟಿರಿ."

"ಹೌದು."

ಅವಳಿಗೆ ಅಳು ಬಂತು. ಅವನೆದುರು ಅಳಬಾರದು ಎಂದು ಎಂದೋ ತೀರ್ಮಾನಿಸಿದ್ದಳು, ಅದು ಉಳಿಯಲಿಲ್ಲ. ಅವನು ಹತ್ತಿರ ಬರಲಿಲ್ಲ, ಕರವಸ್ತ್ರವನ್ನೂ ಚಾಚಲಿಲ್ಲ. ಅವಳು ಮುಗಿಸುವವರೆಗೂ ನಿಂತಿದ್ದು, ಆಮೇಲೆ ಆ ಹಾಳೆಯ ಮೇಲೆ ಬೆರಳಿಟ್ಟ.

"ಆದರೆ ಈ ಹದಿನಾಲ್ಕರಲ್ಲಿ ಒಂದೂ ಸುಳ್ಳಿಲ್ಲ. ಒಂದೊಂದೂ ನಾನೇ ಬಿಚ್ಚಿ ನೋಡಿ ಆರಿಸಿದ್ದು. ನೀವು ತಪ್ಪು ಬರೆದಿದ್ದೀರಿ, ಧನು. ತಿದ್ದಿ."

ಧನು. ಮೆತ್ತಗಿರಲಿಲ್ಲ ಈ ಸಲ, ಸಿಟ್ಟಿನಿಂದ ಕೂಡಿತ್ತು. ಅವಳಿಗೆ ಆ ಸಿಟ್ಟು ಇಷ್ಟವಾಯಿತು. ಒಳ್ಳೆಯ ಮಾಲಿನ ಮೇಲೆ ತಾನೇ ಸುಳ್ಳು ಸ್ಟಿಕ್ಕರ್ ಅಂಟಿಸಿದ್ದೂ ಆಗಲೇ ಕಣ್ಣಿಗೆ ಬಿದ್ದದ್ದು. ಆ ಅಂಗಡಿಯವನು ಮಾಡಿದ್ದು ಇದನ್ನೇ ಅಲ್ಲವೇ. ಅವಳು ಹನ್ನೊಂದು ಪಾಯಿಂಟ್ ಎರಡನ್ನು ಹೊಡೆದುಹಾಕಿದಳು.

ಸುಮ್ಮನೆ ಬೇರೆ ಹಾಳೆ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಹೊಡೆದುಹಾಕಿದ ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ ಕುಮಾರಸ್ವಾಮಿಯವರ ಮುಂದಿಟ್ಟು, ಬೇಕೆಂದೇ ಸುಳ್ಳು ಬರೆದಿದ್ದೆ ಎಂದು ಹೇಳಿದಳು. ಯಾಕೆ ಎಂಬುದನ್ನೂ ಹೇಳಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ತಾವೇ ಹಾಲಿಗೆ ಬಂದು ಹದಿನಾಲ್ಕನ್ನೂ ಮತ್ತೆ ಅಳೆದು ಪಾಸು ಮಾಡಿದರು. ಅವಳನ್ನು ಖರೀದಿ ವಿಭಾಗದಿಂದ ತೆಗೆದು ಸ್ಟೋರ್ಸಿಗೆ ಹಾಕಿದರು. ಕೆಲಸ ಉಳಿದದ್ದೇ ಹೆಚ್ಚು ಎಂದು ಅವಳಿಗೂ ಗೊತ್ತಿತ್ತು.

ಮುಂದಿನ ಶನಿವಾರ ಸಂಜೆ ಯೋಗೇಂದ್ರ ಕಾರ್ಖಾನೆಯ ಗೇಟಿನ ಹತ್ತಿರ ಕಾದಿದ್ದ. ಸುಷ್ಮಿತಾ ಅವರ ಮನೆ ನನಗೆ ತೋರಿಸಿಕೊಡಿ, ನಾನು ಅವರಿಗೂ ಎಲ್ಲ ಹೇಳಬೇಕು ಅಂದ. ಕ್ಷಮೆ ಸಿಗುತ್ತೆ ಅಂದ್ಕೊಂಡಿದ್ದರೆ ಬರಬೇಡಿ ಎಂದಳು ಅವಳು. ಹಾಗೆ ಅಂದುಕೊಂಡಿಲ್ಲ ಎಂದ.

ಸುಷ್ಮಿತಾ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿದಳು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಅಂಗಡಿಯವರ ಮೇಲೆ ಹಾಕಿ ಜಾರಿಕೊಳ್ಳಲಿಲ್ಲ. ಸುಷ್ಮಿತಾ ಕೇಳಿಸಿಕೊಂಡು, ನೀವು ಇನ್ನು ನಮ್ಮ ಮನೆ ಕಡೆ ಬರಬೇಡಿ ಎಂದು ಅವನಿಗೆ ಹೇಳಿದಳು. ಆಮೇಲೆ ಹೊಸಿಲು ದಾಟಿ ಹೊರಗೆ ಬಂದು ಧನುಶ್ರೀಯ ಎರಡೂ ಕೈ ಹಿಡಿದುಕೊಂಡಳು.

"ನಾನು ಇಷ್ಟು ದಿನ ನಿನ್ನನ್ನ ಬೈಕೊಂಡಿದ್ದೆ ಕಣೇ," ಅಂದಳು.

ಧನುಶ್ರೀ ಎರಡು ವರ್ಷದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರನ್ನು ಅಲ್ಲಿ ಬಿಟ್ಟಳು. ತನಗೆ ಬೇಕಾಗಿದ್ದ ಸೇಡು ಇದೇ ಇರಬೇಕು ಅನ್ನಿಸಿತು. ಅವನನ್ನು ಬೀಳಿಸುವುದಲ್ಲ, ಅವನ ಬಾಯಿಂದಲೇ ಇದನ್ನು ಹೇಳಿಸುವುದು.

ಇಬ್ಬರೂ ಬೈಕ್ ಹತ್ತದೆ, ತಳ್ಳಿಕೊಂಡೇ ರಸ್ತೆಯ ತುದಿಯವರೆಗೆ ನಡೆದರು. ಹೊಂಗೆ ಮರದ ಕೆಳಗೆ ಅವನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ಸ್ಟೋರ್ಸಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸಿ ಸಾಕಾಗಿದೆ, ಮತ್ತೆ ಎಡಿಟಿಂಗ್ ಶುರುಮಾಡುತ್ತೇನೆ ಎಂದು ಅವಳು ಹೇಳಿದಳು. ಹಾಗೆಂದು ಜೋರಾಗಿ ಹೇಳಿದ್ದು ಅದೇ ಮೊದಲು.

"ಯಾವ ಪವರ್ ಸಪ್ಲೈ ಹಾಕಲಿ?" ಎಂದು ಕೇಳಿದಳು.

"ಏಳುನೂರೈವತ್ತು ವ್ಯಾಟ್."

"ಆಫೀಸಿನಲ್ಲಿ ಆರುನೂರೈವತ್ತು ಸಾಕು ಅಂತ ಅರ್ಧ ಗಂಟೆ ಜಗಳ ಆಡಿದ್ರಿ."

"ಅಲ್ಲಿ ಜಗಳ ಬೇಗ ಮುಗಿಯೋದು ಬೇಡವಾಗಿತ್ತು," ಅಂದ. "ಆದರೆ ನಿಮ್ಮದನ್ನ ನಾನು ಜೋಡಿಸಲ್ಲ. ನೀವೇ ಜೋಡಿಸಿ. ಪ್ರತಿಯೊಂದನ್ನೂ ಬಿಚ್ಚಿ ನೋಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ."

"ಎಷ್ಟು ಹೊತ್ತು?"

"ನೀವು ಎದ್ದು ಹೋಗಿ ಅನ್ನೋವರೆಗೂ."

"ನಾನು ಅನ್ನದೇ ಹೋದರೆ?"

ಅವನು ಬೈಕಿನ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡ. ಅವನ ಕಿವಿ ಕೆಂಪಾಗುವುದನ್ನು ಅವಳು ಬಿಡದೆ ನೋಡಿದಳು. ಸಹಾಯ ಮಾಡಲಿಲ್ಲ. ಹೇಳಬೇಕಾದ್ದನ್ನು ಅವನೇ ಹೇಳಲಿ ಎಂದು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕಾದಳು.

"ಹಾಗಾದರೆ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರಬೇಕಾಗುತ್ತೆ," ಅಂದ. "ನನಗೆ ನಿಮ್ಮನ್ನ ಮದುವೆ ಆಗೋ ಆಸೆ ಇದೆ, ಧನು. ಅವತ್ತೂ ಇತ್ತು. ಇದನ್ನೂ ಮುಂದಿನ ವಾರಕ್ಕೆ ಹಾಕಲ್ಲ, ಇವತ್ತೇ ಹೇಳ್ತಿದ್ದೀನಿ."

ಒಂದು ಆಟೋ ಹೋಯಿತು, ಹಿಂದೆಯೇ ಒಂದು ಸಿಟಿ ಬಸ್ಸು ಹೋಯಿತು. ಅವನು ನೆಲ ನೋಡಲಿಲ್ಲ.

"ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ," ಅಂದಳು.

"ಗೊತ್ತು."

"ಮದುವೆ ಆದ ಮೇಲೂ ಆಗಾಗ ಬರುತ್ತೆ."

ಅವಳು ಹೇಳಿದ್ದೇನೆಂದು ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಷ್ಟರಲ್ಲಿ ಅವಳು ಬೈಕಿನ ಹಿಂದಿನ ಸೀಟಿನಲ್ಲಿ ಕೂತು, ಬಿದ್ದುಬಿಟ್ಟೇನೆಂಬ ನೆಪದಲ್ಲಿ ಅವನ ಹೆಗಲ ಮೇಲೆ ಕೈ ಇಟ್ಟಿದ್ದಳು. ಬೈಕ್ ಇನ್ನೂ ಸ್ಟ್ಯಾಂಡಿನ ಮೇಲೆಯೇ ಇತ್ತು.